ಹಲ್ಲಿನ ಕಲೆಯೂ ಅಡುಗೆಮನೆಯ ನೀರೂ



ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಶುದ್ಧ ನೀರಿನ ಘಟಕದಿಂದ ತಂದ ಇಪ್ಪತ್ತು ಲೀಟರಿನ ಕ್ಯಾನು ಮೂಲೆಯಲ್ಲಿದೆ. ಅದು ಕುಡಿಯುವುದಕ್ಕೆ ಮಾತ್ರ. ಮುದ್ದೆಗೆ ಎಸರಿಡಲು, ಬೇಳೆ ಬೇಯಿಸಲು, ಟೀ ಕಾಯಿಸಲು ಕೊಳವೆಬಾವಿಯ ನೀರು. ‘ಹೇಗೂ ಕುದಿಯುತ್ತದಲ್ಲ’ ಎಂಬ ಧೈರ್ಯ. ಈ ಧೈರ್ಯ ಎಷ್ಟು ಸರಿ ಎಂದು ಇಂದು ನೋಡೋಣ.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಹಿಂದೆ ಕೆರೆಗಳನ್ನೂ ತೆರೆದ ಬಾವಿಗಳನ್ನೂ ನಂಬಿತ್ತು. ಬಾವಿಗಳು ಬತ್ತಿದಂತೆ ಕೊಳವೆಗಳು ಸಾವಿರ ಅಡಿ ದಾಟಿ ಇಳಿದವು. ಅಷ್ಟು ಆಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನೊಳಗಿನ ಖನಿಜಗಳಿಂದ ಫ್ಲೋರೈಡ್ ಕರಗಿ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬರುವುದೇ ಫ್ಲೋರೋಸಿಸ್. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ.

ನಿಮ್ಮ ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟು ನಗುವ ಗೆಳತಿಯೊಬ್ಬಳಿರಬಹುದು. ಅವಳ ಹಲ್ಲಿನ ಮೇಲೆ ಸೀಮೆಸುಣ್ಣದಂಥ ಬಿಳಿ ಮಚ್ಚೆಗಳೋ ಕಂದು ಗೆರೆಗಳೋ ಇರಬಹುದು. ‘ಸರಿಯಾಗಿ ಹಲ್ಲುಜ್ಜು’ ಎಂದು ಅವಳಿಗೆ ಹೇಳಬೇಡಿ. ಅವಳು ಉಜ್ಜಿ ಉಜ್ಜಿ ಸೋತಿರುತ್ತಾಳೆ. ಶಾಶ್ವತ ಹಲ್ಲುಗಳ ಹೊರಪದರ ಹೆಚ್ಚುಕಡಿಮೆ ಎಂಟನೆಯ ವಯಸ್ಸಿನೊಳಗೆ, ವಸಡಿನ ಅಡಿಯಲ್ಲೇ ರೂಪುಗೊಳ್ಳುತ್ತದೆ. ಕಲೆ ಕೂಡುವುದೂ ಆಗಲೇ. ಆದ್ದರಿಂದ ಈಗ ನೀವು ಕಾಯಬೇಕಾದದ್ದು ಮನೆಯಲ್ಲಿರುವ ಪುಟ್ಟ ತಮ್ಮ ತಂಗಿಯರ ಹಲ್ಲನ್ನು. ದೊಡ್ಡವರಿಗೆ ಅಪಾಯವಿರುವುದು ಮೂಳೆ ಕೀಲುಗಳಿಗೆ. ಹಾಗೆಂದು ಅಜ್ಜಿಯ ಮಂಡಿನೋವೆಲ್ಲ ಫ್ಲೋರೈಡಿನದಲ್ಲ; ಅದನ್ನು ವೈದ್ಯರು ನೋಡಿ ಹೇಳಬೇಕು.

ಇನ್ನು ಕುದಿಸುವ ವಿಷಯ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಲೀಟರಿಗೆ 3 ಮಿಲಿಗ್ರಾಂ ಇರುವ ಒಂದು ಲೀಟರ್ ನೀರನ್ನು ಅರ್ಧಕ್ಕೆ ಇಂಗಿಸಿದಿರಿ ಎನ್ನಿ. ನೀರು ಅರ್ಧವಾಯಿತು, ಫ್ಲೋರೈಡ್ ಅಷ್ಟೇ ಉಳಿಯಿತು. ಈಗ ಅದರ ಸಾಂದ್ರತೆ ಲೀಟರಿಗೆ 6! ಬಸ್ಸಾರಿನಲ್ಲೂ ಮುದ್ದೆಯಲ್ಲೂ ಹೊಟ್ಟೆಗೆ ಹೋಗುವುದು ಇದೇ ನೀರು. ಹಾಗಾಗಿ ಕ್ಯಾನಿನ ನೀರನ್ನು ಅಡುಗೆಗೂ ಬಳಸಿ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಕೊಳವೆಬಾವಿಯ ನೀರು ಸಾಕು. ಅಮ್ಮನಿಗೆ ಇದರಿಂದ ಇನ್ನೊಂದು ಕ್ಯಾನು ಹೊರುವ ಕೆಲಸ ಬೀಳುತ್ತದೆ, ನಿಜ. ಅದನ್ನು ನೀವು ಹೊರಬಹುದಲ್ಲ? ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟು, ಕುದಿಸಿ ಕುಡಿಯಬಹುದು.

ಊಟದ ನೆರವೂ ಇದೆ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತೂ ಇಲ್ಲ. ಪಟ್ಟಣದ ಹಾಸ್ಟೆಲಿಗೆ ಹೋದೊಡನೆ ಮುದ್ದೆಗೆ ಮೂಗು ಮುರಿಯುವವರು ಇದನ್ನು ಕೇಳಿಸಿಕೊಳ್ಳಲಿ. ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ, ಸೀಬೆ ಇರಲಿ. ಕಪ್ಪು ಟೀ ಕಡಿಮೆ ಮಾಡಿ. ಟೀ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ. ಆದರೆ ನೀರು ಬದಲಿಸದೆ ಬರೀ ರಾಗಿ ತಿಂದರೆ ಸಾಲದು.

ಎಲ್ಲ ಕೊಳವೆಬಾವಿಯ ನೀರೂ ಕೆಟ್ಟದ್ದಲ್ಲ. ಪಕ್ಕಪಕ್ಕದ ಎರಡು ಬಾವಿಗಳಲ್ಲೇ ಅಂಶ ಬೇರೆ ಬೇರೆ ಇರಬಹುದು. ಘಟಕದ ನೀರೂ ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ ಶುದ್ಧ. ಆದ್ದರಿಂದ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ನಿಮ್ಮ ವಿಜ್ಞಾನ ಮೇಷ್ಟರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನೀರು ಒಯ್ಯಲು ಗಾಜಿನದಲ್ಲ, ಪ್ಲಾಸ್ಟಿಕ್ ಬಾಟಲಿ ಬೇಕು. ಅದೇ ನೀರಿನಿಂದ ಮೂರು ಸಲ ತೊಳೆದು, ತುಂಬಿಸಿ, ಯಾವ ಬಾವಿ, ಯಾವ ದಿನ ಎಂದು ಚೀಟಿ ಅಂಟಿಸಿ.