ಏಳನೆಯ ವರ್ಷದ ಭೂಮಿ

ಮುಧೋಳದಿಂದ ಲೋಕಾಪುರದತ್ತ ಬರುವಾಗ ಕಬ್ಬಿನ ಹಸಿರು ಹಿಂದೆ ಸರಿದು ಸುಣ್ಣದ ಕಲ್ಲಿನ ನೆಲ ಕಾಣತೊಡಗುತ್ತದೆ. ಈ ದಾರಿ ಹಿಡಿದು ಗುಳೇದಗುಡ್ಡಕ್ಕೆ ಹೋಗುವಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. 1851ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ನೆಲೆಯೂರಿದಂದಿನಿಂದ ಈ ಸೀಮೆಯಲ್ಲಿ ಕ್ರೈಸ್ತ ಪ್ರಸಂಗಗಳು ನಡೆದುಬಂದಿವೆ. ಆತ್ಮದ ಉದ್ಧಾರವನ್ನು ಕುರಿತು ನಾವು ಬೋಧಕರು ಬಹಳ ಹೇಳಿದ್ದೇವೆ. ಕಾಲೂರಿದ ನೆಲವನ್ನು ಕುರಿತು ಹೇಳಿದ್ದೆಷ್ಟು?

ಪ್ರಕೃತಿಯ ದುರವಸ್ಥೆಗೆ ಪಾಶ್ಚಾತ್ಯ ಕ್ರೈಸ್ತಧರ್ಮವೇ ಬಹುಮಟ್ಟಿಗೆ ಹೊಣೆಯೆಂದು 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ ಆರೋಪಿಸಿದರು. ಆರೋಪ ಕಟುವಾದದ್ದು; ಪೂರ್ತಿ ಸುಳ್ಳೆನ್ನಲಾರೆ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ದೊರೆತ ದೊರೆತನವನ್ನು ಗಟ್ಟಿಯಾಗಿ ಹಿಡಿದ ನಾವು, ತೋಟವನ್ನು ಕಾಯಬೇಕೆಂಬ ಎರಡನೆಯ ಅಧ್ಯಾಯದ ಹೊಣೆಯನ್ನು ಮೆಲ್ಲಗೆ ಓದಿ ದಾಟಿದೆವು. ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಆಲಿಸಬೇಕೆಂದರು. ಆ ‘ಒಟ್ಟಿಗೇ’ ಎಂಬುದರ ಭಾರ ನನಗೆ ತಿಳಿದದ್ದು ಪುಸ್ತಕದಿಂದಲ್ಲ.

ಲೋಕಾಪುರದ ಆಚೆಯ ಒಂದು ಸಣ್ಣ ಸಭೆಯಲ್ಲಿ ಸುಗ್ಗಿಹಬ್ಬದ ಪ್ರಸಂಗಕ್ಕೆ ನನ್ನನ್ನು ಕರೆದಿದ್ದರು. ಜನ ಜೋಳದ ತೆನೆ, ಕುಂಬಳಕಾಯಿ, ಕಬ್ಬಿನ ಜಲ್ಲೆ, ಒಂದೆರಡು ಕೋಳಿಗಳನ್ನೂ ತಂದು ಅರ್ಪಿಸಿದ್ದರು. ಆರಾಧನೆ ಮುಗಿದ ಮೇಲೆ ಅವುಗಳ ಲಿಲಾವು. (ಕೋಳಿಗಳು ಪ್ರಸಂಗದ ನಡುವೆ ತಮ್ಮ ಅಭಿಪ್ರಾಯ ತಿಳಿಸುತ್ತಲೇ ಇದ್ದವು.) ನಾನು ಯಾಜಕಕಾಂಡದ 25ನೆಯ ಅಧ್ಯಾಯವನ್ನು ಆರಿಸಿಕೊಂಡಿದ್ದೆ. ಆರು ವರ್ಷ ಬಿತ್ತಿದ ಭೂಮಿಗೆ ಏಳನೆಯ ವರ್ಷ ವಿಶ್ರಾಂತಿ. ತಾನಾಗಿ ಬೆಳೆದದ್ದು ಯಜಮಾನನಿಗೂ ಕೂಲಿಯವನಿಗೂ ಪರದೇಶಿಗೂ ದನಕರುಗಳಿಗೂ ಕಾಡುಮೃಗಗಳಿಗೂ ಆಹಾರ. ವರ್ಷವೂ ಕಬ್ಬು ನಾಟಿ, ನೀರು ಮಿತಿಮೀರಿ ಹಾಯಿಸಿ, ಹೊಲ ಸವುಳಾಗುವುದನ್ನು ಕಂಡವರೆದುರು ಇದಕ್ಕಿಂತ ತಕ್ಕ ವಚನವುಂಟೇ ಎಂದು ನನ್ನ ಹೆಮ್ಮೆ.

ಲಿಲಾವಿನ ಬಳಿಕ ಹಿರಿಯ ರೈತರೊಬ್ಬರು ಹತ್ತಿರ ಬಂದರು. “ಅಯ್ಯನವರ, ಭೂಮಿಗಿ ವಿಶ್ರಾಂತಿ ಕೊಡಬೇಕನ್ನೂದು ಖರೇ. ಸಾಲಕ್ಕ ವಿಶ್ರಾಂತಿ ಯಾರ ಕೊಡ್ತಾರ್ರೀ?”

ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ಕೇಳಿದ್ದರು. ಸಂಬಳದ ಮನುಷ್ಯನಾದ ನಾನು ನಿರುತ್ತರನಾದೆ.

ಮರಳುವ ಬಸ್ಸಿನಲ್ಲಿ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ತೆರೆದೆ. ಏಳನೆಯ ವರ್ಷ ಬಂದಾಗ ಸಾಲ ಕೊಟ್ಟವನು ಸಾಲವನ್ನು ಬಿಟ್ಟುಬಿಡಬೇಕೆಂಬ ವಿಧಿ ಅಲ್ಲಿದೆ. ಎಷ್ಟೋ ಸಲ ಓದಿದ್ದ ಭಾಗವೇ. ಭೂಮಿಯ ಬಿಡುವನ್ನೂ ಸಾಲದ ಬಿಡುಗಡೆಯನ್ನೂ ನಾನು ಎಂದೂ ಕೂಡಿಸಿ ನೋಡಿರಲಿಲ್ಲ. ರೈತನಿಗೆ ಕರ್ತವ್ಯವನ್ನು ಹೇಳಿ, ಸಾಲ ಕೊಟ್ಟವನ ಕರ್ತವ್ಯವನ್ನು ಪುಟದೊಳಗೇ ಮಡಿಸಿಟ್ಟು ಬಂದಿದ್ದೆ.

ಬರುವ ಸುಗ್ಗಿಗೂ ಅದೇ ಸಭೆಯಿಂದ ಕರೆ ಬಂದಿದೆ. ಆ ಹಿರಿಯರು ಕೂಡುವುದು ಮುಂದಿನ ಸಾಲಿನಲ್ಲಿ.