ನೂರಿಪ್ಪತ್ತೇಳು ಮನೆಗಳ ಲೆಕ್ಕ

ಚದುರಂಗದ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಅರುವತ್ತನಾಲ್ಕು ಮನೆಗಳಿಗೂ ಧಾನ್ಯವನ್ನು ಬೇಡಿದ ಜಾಣನ ಕಥೆಯನ್ನು ಶ್ರೋತೃಗಳು ಬಾಲ್ಯದಲ್ಲಿಯೇ ಕೇಳಿರಬಹುದು. ಆ ರಾಶಿಯನ್ನು ಮೂವರಿಗಾಗಲಿ ಐವರಿಗಾಗಲಿ ಒಂದು ಕಾಳೂ ಮಿಗದಂತೆ ಸಮನಾಗಿ ಹಂಚಬಹುದು. ಈಗ ಹಲಗೆಯಲ್ಲಿ 127 ಮನೆಗಳಿರುವುವೆಂದು ಭಾವಿಸೋಣ. ಆಗ ಒಟ್ಟು ಕಾಳುಗಳು 170141183460469231731687303715884105727. ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು ಪೂರ್ತಿಯಾಗಿ ಓದಿ ನಿಮ್ಮ ತಾಳ್ಮೆಯನ್ನು ಪರೀಕ್ಷಿಸಲು ನಾವು ಬಯಸುವುದಿಲ್ಲ. ಇದನ್ನು ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗಿಸಲಾಗದು. ಇಂತಹವನ್ನು ಅವಿಭಾಜ್ಯ ಸಂಖ್ಯೆಗಳೆನ್ನುವರು.

ಆದರೆ ಇದು ತಿಳಿದುದು ಹೇಗೆ? 1644ನೆಯ ಇಸವಿಯಲ್ಲಿ ಮೆರ್ಸೆನ್ ಎಂಬ ಫ್ರೆಂಚ್ ಸನ್ಯಾಸಿಯು ಇಂತಹ ಮೊತ್ತಗಳಲ್ಲಿ ಅವಿಭಾಜ್ಯವಾದುವು ಯಾವುವೆಂದು ಒಂದು ಪಟ್ಟಿಯನ್ನು ಪ್ರಕಟಿಸಿದನು. ಅದರಲ್ಲಿ 67, 127, 257 ಮನೆಗಳ ಮೊತ್ತಗಳೂ ಇದ್ದುವು. ಸಾಧನೆಯನ್ನು ಮಾತ್ರ ಕೊಡಲಿಲ್ಲ. ಮೂರರಲ್ಲಿ ನಡುವಣದೊಂದೇ ನಿಜವಾಯಿತು. ಅದನ್ನು ಆತನ ಅದೃಷ್ಟವೆನ್ನಬೇಕಲ್ಲದೆ ಜ್ಞಾನವೆನ್ನಲಾಗದು.

ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡೋಣವೆಂದರೆ, ಈ ಸಂಖ್ಯೆಯ ವರ್ಗಮೂಲದವರೆಗೆ ಒಂದು ಲಕ್ಷ ಕೋಟಿ ಕೋಟಿಗೂ ಮಿಕ್ಕ ಸಂಖ್ಯೆಗಳಿರುವುವು. ಮನುಷ್ಯನ ಆಯುಸ್ಸು ಅದಕ್ಕೆ ಸಾಲದು. 1876ರಲ್ಲಿ ಫ್ರಾನ್ಸಿನ ಎದುವಾರ್ ಲೂಕಾ ಎಂಬ ಗಣಿತಜ್ಞನು ಈ ದಾರಿಯನ್ನೇ ಬಿಟ್ಟು, ಭಾಜಕಗಳನ್ನು ಹುಡುಕದೆಯೆ ತೀರ್ಪು ಹೇಳುವ ಉಪಾಯವನ್ನು ಕಂಡನು. 1930ರಲ್ಲಿ ಅಮೆರಿಕದ ಲೇಮರ್ ಅದನ್ನು ಸರಳಗೊಳಿಸಿದನು. ಆ ಸರಳರೂಪವನ್ನು 7 ಮನೆಗಳ ಮೊತ್ತವಾದ 127ರ ಮೇಲೆಯೇ ಪ್ರಯೋಗಿಸೋಣ. ನಾಲ್ಕರಿಂದ ಹೊರಡಬೇಕು, ವರ್ಗ ಮಾಡಿ, ಎರಡನ್ನು ಕಳೆದು, 127ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಮೊದಲು 14 ಬರುವುದು. ಅದರ ವರ್ಗದಲ್ಲಿ ಎರಡು ಕಳೆದರೆ 194, ಶೇಷ 67. ಮುಂದೆ 42, ಬಳಿಕ 111. ಐದನೆಯ ಸಾರಿ ಬರುವ 12319 ಎಂಬುದು 127ರ 97 ಮಡಿ, ಶೇಷ ಸೊನ್ನೆ. ಮನೆಗಳ ಎಣಿಕೆಯು ಬೆಸ ಅವಿಭಾಜ್ಯವಾಗಿದ್ದಲ್ಲಿ, ಅದಕ್ಕಿಂತ ಎರಡು ಕಡಮೆ ಹೆಜ್ಜೆಗಳಲ್ಲಿ ಸೊನ್ನೆ ಬಂದರೆ ಮೊತ್ತವು ಅವಿಭಾಜ್ಯ, ಬಾರದಿದ್ದರೆ ಅಲ್ಲ. ನಮ್ಮ ದೊಡ್ಡ ಸಂಖ್ಯೆಗೆ ಬೇಕಾದುವು 125 ಹೆಜ್ಜೆಗಳು. ಒಂದೊಂದು ಹೆಜ್ಜೆಯೂ ಬೆವರಿಳಿಸುವಂತಹದೆಂಬುದು ಬೇರೆಯ ಮಾತು! ಆದರೂ ಲೂಕಾ ತನ್ನ ಉಪಾಯದಿಂದ ಈ ಸಂಖ್ಯೆಯನ್ನು ಗೆದ್ದನು. ಇದಕ್ಕಿಂತ ದೊಡ್ಡ ಅವಿಭಾಜ್ಯವು 1951ರವರೆಗೆ ಯಾರಿಗೂ ದೊರೆಯಲಿಲ್ಲ. 2024ರಲ್ಲಿ ಕಂಡ, ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮಿಕ್ಕ ಅಂಕಿಗಳ ಅವಿಭಾಜ್ಯವನ್ನು ಸ್ಥಿರಪಡಿಸಲು ಗಣಕಯಂತ್ರಗಳು ನಡಸಿದುದೂ ವರ್ಗ ಮಾಡಿ ಎರಡು ಕಳೆಯುವ ಈ ಲೆಕ್ಕವನ್ನೇ.

67 ಮನೆಗಳ ಮೊತ್ತವಾದ 147573952589676412927 ಅವಿಭಾಜ್ಯವಲ್ಲವೆಂದು ಲೂಕಾ ಆ 1876ರಲ್ಲಿಯೇ ಸಾರಿದನು. ಯಾವುದರಿಂದ ಭಾಗವಾಗುವುದೆಂದು ಕೇಳಿದರೆ ಆತನಲ್ಲಿ ಉತ್ತರವಿರಲಿಲ್ಲ. ಒಡೆಯುವುದೆಂದು ನಿಶ್ಚಯವಾಗಿ ಗೊತ್ತು, ಬಿರುಕೆಲ್ಲಿಯೆಂದು ಗೊತ್ತಿಲ್ಲ. ಇಂತಹ ವಿಚಿತ್ರ ಸ್ಥಿತಿಯಲ್ಲಿ ಗಣಿತಲೋಕವು ಇಪ್ಪತ್ತೇಳು ವರ್ಷ ಕಾದಿತು. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಗಣಿತಜ್ಞನು ಆ ಎರಡು ಭಾಜಕಗಳನ್ನು ತಂದು ತೋರಿಸಿದನು: 193707721 ಮತ್ತು 761838257287. ಕಾಗದ ಪೆನ್ಸಿಲುಗಳು ಕೈಗೆ ಸಿಕ್ಕುವಂತಿದ್ದರೆ ಶ್ರೋತೃಗಳು ಈ ರಾತ್ರಿಯೇ ಗುಣಿಸಿ ನೋಡಬಹುದು.