ಬೇಮ್‌ಸ್ಟರ್: ಸರೋವರದ ತಳದಲ್ಲೊಂದು ರೈತರ ಸೀಮೆ



ನೆದರ್ಲೆಂಡ್ಸ್‌ನಲ್ಲಿ ನೆಲೆನಿಂತ ಕನ್ನಡಿಗರಾದ ನೀವು ಈ ಚಿತ್ರ-ನಕ್ಷೆಗಳ ಪ್ರದರ್ಶನಕ್ಕೆ ಬೇಮ್‌ಸ್ಟರನ್ನೇ ಆಯ್ದುಕೊಂಡಿದ್ದು ನನಗೆ ತುಂಬಾ ಸಂತೋಷ ತಂದಿದೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳನ್ನು ಎಲ್ಲರೂ ನೋಡುತ್ತಾರೆ. ಅದರ ಉತ್ತರಕ್ಕಿರುವ ಈ ರೈತರ ಸೀಮೆಗೆ ಹೋಗುವವರು ಕಡಿಮೆ.

ಇವತ್ತು ಅಲ್ಲಿ ದನ ಮೇಯುವ ನೆಲ 1607ರಲ್ಲಿ ಸರೋವರವಾಗಿತ್ತು. ಡಿರ್ಕ್ ವಾನ್ ಓಸ್‌ನಂಥ ವರ್ತಕರು ಹಣ ಹೂಡಿದರು. ಸುತ್ತಲೂ ಏರಿ ಹಾಕಿ, ಏರಿಯಾಚೆ ಕಾಲುವೆ ತೋಡಿ, ಗಾಳಿಯಂತ್ರಗಳಿಂದ ನೀರೆತ್ತಿ ಅದಕ್ಕೆ ಸುರಿಯುವುದು ಉಪಾಯ. ಒಂದು ಯಂತ್ರ ಎತ್ತಿದ ನೀರನ್ನು ಮುಂದಿನದು ಇನ್ನೂ ಮೇಲಕ್ಕೆತ್ತಬೇಕು. ಹೀಗೆ 43 ಯಂತ್ರಗಳು ದುಡಿದವು. 1610ರಲ್ಲಿ ಬಿರುಗಾಳಿಗೆ ಕಡಲ ಏರಿ ಒಡೆದು, ಬತ್ತುತ್ತ ಬಂದಿದ್ದ ಸರೋವರ ಮತ್ತೆ ತುಂಬಿತು. ಅವರು ಕೈಚೆಲ್ಲಿ ಕೂರಲಿಲ್ಲ. ಸರೋವರದ ಸುತ್ತಲಿನ ಏರಿಯನ್ನು ಎತ್ತರಿಸಿ ಮೊದಲಿಂದ ಶುರುಮಾಡಿದರು. 1612ರಲ್ಲಿ ನೆಲ ಕಂಡಿತು, ಕಡಲಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ಕೆಳಗೆ.

ಗಾಳಿಯಂತ್ರಗಳ ನಿಪುಣ ಲೇಖ್‌ವಾಟರ್ ಹೆಸರನ್ನು ಚರಿತ್ರೆ ನೆನಪಿಟ್ಟಿದೆ, ಸರಿಯೇ. ಮಣ್ಣು ಹೊತ್ತ ಕೂಲಿಯವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಅಳೆದು ತೋಡಿದ ನೇರ ಕಾಲುವೆಗಳನ್ನೂ ರಸ್ತೆಗಳನ್ನೂ ನೋಡುವಾಗ ದಯವಿಟ್ಟು ಅವರನ್ನು ನೆನೆಯಿರಿ. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಕೊಟ್ಟದ್ದು ಆ ಅಚ್ಚುಕಟ್ಟಿಗೇ.

ದವಸ ಬೆಳೆಯಲೆಂದು ಪಡೆದ ನೆಲದಲ್ಲಿ ತೇವ ಹೆಚ್ಚು, ಅದು ಹುಲ್ಲಿಗೆ ಒಗ್ಗಿತು. ರೈತರು ದನ ಸಾಕಿದರು, ಚೀಸ್ ಮಾಡಿದರು. ಅವರ ಹಳೆಯ ಮನೆಯ ಚಿತ್ರ ಇಲ್ಲಿದೆ, ನಿಂತು ನೋಡಿ. ಪಿರಮಿಡ್ಡಿನ ಆಕಾರದ ಒಂದೇ ದೊಡ್ಡ ಮಾಡು. ನಟ್ಟನಡುವೆ ನಾಲ್ಕು ಕಂಬ, ಅವುಗಳೊಳಗೆ ಎತ್ತರಕ್ಕೆ ಒಟ್ಟಿದ ಒಣಹುಲ್ಲು. ಒಂದು ಮಗ್ಗುಲಲ್ಲಿ ಮನೆಮಂದಿ, ಇನ್ನೊಂದರಲ್ಲಿ ಕೊಟ್ಟಿಗೆ. ಗರ್ಭಗುಡಿಯ ಜಾಗ ಹುಲ್ಲಿಗೆ ಸಂದಿದೆ!

ಚಿತ್ರಕಾರ ಕಾರೆಲ್ ಫಾಬ್ರಿಟಿಯಸ್ 1622ರಲ್ಲಿ ಹುಟ್ಟಿದ್ದು ಇಲ್ಲಿಯ ಮಿಡ್ಡನ್‌ಬೇಮ್‌ಸ್ಟರ್ ಹಳ್ಳಿಯಲ್ಲಿ. ಅಲ್ಲಿನ ಪಾದ್ರಿಯ ಪತ್ನಿಯಾಗಿ ಬಾಳಿದ ಬೆಟ್ಯೆ ವೋಲ್ಫ್ ಮುಂದೆ ಗೆಳತಿ ಆಖ್ಯೆ ಡೇಕನ್ ಜೊತೆಗೂಡಿ 1782ರಲ್ಲಿ ಡಚ್ ಭಾಷೆಯ ಮೊದಮೊದಲ ಕಾದಂಬರಿಗಳಲ್ಲೊಂದನ್ನು ಪ್ರಕಟಿಸಿದರು. ಹಳ್ಳಿಯಲ್ಲಿ ವೋಲ್ಫ್ ಇದ್ದ ಮನೆ ಈಗ ವಸ್ತುಸಂಗ್ರಹಾಲಯ.

2022ರ ಜನವರಿಯಲ್ಲಿ ಬೇಮ್‌ಸ್ಟರ್ ಪುರಸಭೆ ನೆರೆಯ ಪುರ್ಮರೆಂಡ್‌ನಲ್ಲಿ ವಿಲೀನವಾಯಿತು. ಆಡಳಿತದ ಅನುಕೂಲ ನನಗೆ ಅರ್ಥವಾಗುತ್ತದೆ. ಆದರೆ ಸ್ವಂತ ಪುರಸಭೆ ಇಲ್ಲದ ಸೀಮೆಯ ಚರಿತ್ರೆಯನ್ನು ಕಾಯುವ ಹೊಣೆ ಸುತ್ತಮುತ್ತ ಬದುಕುವವರ ಮೇಲೆ ಇನ್ನಷ್ಟು ಬೀಳುತ್ತದೆ. ಅವರಲ್ಲಿ ನೀವೂ ಸೇರಿದ್ದೀರಿ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಮೊದಲು ಮಕ್ಕಳನ್ನು ಒಳಗೆ ಬಿಡಿ.